ಮುಗಿಯದ ಮಡಿ

ನನ್ನ ಕಾಯಿಲೆಗೆ ಸರಿಯಾದ ಹೆಸರು ಸಿಗುವ ಮೊದಲು ಹದಿನೈದು ವರ್ಷ ಅದಕ್ಕೆ ಬೇರೊಂದು ಹೆಸರಿತ್ತು. ನೆಂಟರಿಷ್ಟರೆಲ್ಲ ಅದನ್ನು ಮಡಿ ಎನ್ನುತ್ತಿದ್ದರು. ಭಾಗಿಯಷ್ಟು ಮಡಿ ಮಾಡುವವರು ಈಗಿನ ಕಾಲದಲ್ಲಿ ಯಾರಿದ್ದಾರೆ ಎಂದು ಸಿರ್ಸಿಯಿಂದ ಸಿದ್ದಾಪುರದವರೆಗಿನ ನಮ್ಮ ಬಳಗದಲ್ಲಿ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗ ನನಗೆ ಹಿತವಾಗುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ನಾವಿದ್ದದ್ದು ಯಲ್ಲಾಪುರ ಪೇಟೆಯಲ್ಲಿ, ದೊಡ್ಡ ರಸ್ತೆಯ ಹಿಂದಿನ ಓಣಿಯ ಒಂದು ಬಾಡಿಗೆ ಮನೆಯಲ್ಲಿ. ನಮ್ಮನೆಯವರು ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಅತ್ತೆ ನಮ್ಮ ಜೊತೆಗೇ ಇದ್ದರು. ಒಬ್ಬಳೇ ಮಗಳು ವೀಣಾ. ಮನೆ ಸಣ್ಣದು, ಕೆಲಸ ಹೆಚ್ಚಿಲ್ಲ. ಆದರೆ ನನ್ನ ದಿನ ಬೆಳಗಿನ ನಾಲ್ಕೂವರೆಗೆ ಶುರುವಾದರೂ ಹನ್ನೊಂದರವರೆಗೆ ಒಲೆ ಹತ್ತುತ್ತಿರಲಿಲ್ಲ. ಬಾವಿಯ ಹಗ್ಗ ತೊಳೆಯಬೇಕು, ಹಗ್ಗ ತೊಳೆದ ಕೊಡ ತೊಳೆಯಬೇಕು, ಕೊಡ ತೊಳೆದ ಕೈ ತೊಳೆಯಬೇಕು. ಕೈ ತೊಳೆಯುವಾಗ ಬೇರೇನಾದರೂ ಯೋಚನೆ ಬಂದರೆ ಆ ತೊಳೆದದ್ದು ಲೆಕ್ಕಕ್ಕಿಲ್ಲ, ಮೊದಲಿನಿಂದ. ಉಗುರಿನ ಸಂದಿಯಿಂದ ಮೊಣಕೈವರೆಗೆ ಹನ್ನೆರಡು ಸಲ. ಹನ್ನೊಂದಾಯಿತೋ ಹನ್ನೆರಡಾಯಿತೋ ಎಂಬ ಅನುಮಾನ ಬಂದರೆ ಮತ್ತೆ ಹನ್ನೆರಡು.

ನಮ್ಮನೆಯವರು ಕೆಲಸದಿಂದ ಬಂದರೆ ಹಿತ್ತಲಲ್ಲಿ ನಿಲ್ಲಬೇಕು. ದನ ಮುಟ್ಟಿದ ಬಟ್ಟೆ ಅಲ್ಲೇ ಬಿಚ್ಚಿ ಬಕೆಟ್ಟಿಗೆ ಹಾಕಬೇಕು. ನಾನು ದೂರದಿಂದ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದೆ. ಅವರು ತಕರಾರು ಮಾಡಿದವರಲ್ಲ. ಚಳಿಗಾಲದಲ್ಲಿ ನಡುಗುತ್ತ, “ಎಮ್ಮೆ ತೊಳೆಯದು ಸಲೀಸು ಮಾರಾಯ್ತಿ, ಎನ್ನ ತೊಳೆಯದೇ ಕಷ್ಟ” ಎಂದು ನಗುತ್ತಿದ್ದರು. ಅವರು ಹಾಗೆ ನಗುತ್ತಿದ್ದುದರಿಂದ ಇದೊಂದು ಕಷ್ಟವೆಂದು ಯಾರಿಗೂ ತೋರಲಿಲ್ಲ. ನನಗೂ ತೋರಲಿಲ್ಲ.

ಇದು ಎಲ್ಲಿಂದ ಶುರುವಾಯಿತು ಎಂದು ಆಮೇಲೆ ಡಾಕ್ಟರು ಕೇಳಿದಾಗ ನನಗೆ ನೆನಪಾದದ್ದು ಒಂದೇ. ವೀಣಾ ಆರು ವರ್ಷದವಳಿದ್ದಾಗ ವಾಂತಿ ಭೇದಿಯಾಗಿ ನಾಲ್ಕು ದಿನ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ನೋಡಲು ಬಂದವರೊಬ್ಬರು, ಯಾರೆಂದು ಈಗ ಮುಖವೂ ನೆನಪಿಲ್ಲ, “ಕೈ ಸರಿ ತೊಳ್ಕಂಡು ತುತ್ತು ಕೊಟ್ಟಿದ್ಯನೇ?” ಎಂದು ಕೇಳಿದರು. ಸುಮ್ಮನೆ ಕೇಳಿದ ಮಾತು. ಅವರು ಹಣ್ಣಿನ ಪೊಟ್ಟಣ ಇಟ್ಟು ಹೊರಟುಹೋದರು, ಮಾತು ನನ್ನೊಳಗೆ ಉಳಿಯಿತು. ಮಗಳು ವಾರದಲ್ಲಿ ಹುಷಾರಾದಳು. ನಾನು ಆಗಲಿಲ್ಲ.

ಅತ್ತೆಯದೂ ಮಡಿಯೇ. ಬೆಳಿಗ್ಗೆ ಮಿಂದು, ಯಾರೂ ಮುಟ್ಟದ ಹಾಗೆ ಬಿದಿರ ಗಳುವಿನ ಮೇಲೆ ಒಣಗಿಸಿದ ಸೀರೆ ಉಟ್ಟು, ದೇವರ ಅಡುಗೆ ಮಾಡುತ್ತಿದ್ದವರು. ಹಾಗಾಗಿ ನಮ್ಮ ಮನೆಯಲ್ಲಿ ನನ್ನದು ಎದ್ದು ಕಾಣುತ್ತಿರಲಿಲ್ಲ. ಸೊಸೆ ಅತ್ತೆಯನ್ನು ಮೀರಿಸಿದಳು ಎಂದುಕೊಂಡರು ಅಷ್ಟೆ. ಬರುಬರುತ್ತ ಶ್ರಾದ್ಧದ ಅಡುಗೆಗೆ ನನ್ನನ್ನು ಕರೆಯುವುದು ಶುರುವಾಯಿತು. ಹುಲೇಕಲ್ಲಿನಿಂದ, ಸಿದ್ದಾಪುರದ ಕಡೆಯಿಂದ ಹೇಳಿಕಳಿಸುತ್ತಿದ್ದರು. ಪಿತೃಗಳಿಗೆ ಬಡಿಸುವ ಅಡುಗೆಯಲ್ಲಿ ಲೋಪವಾಗಬಾರದಲ್ಲ, ಅದಕ್ಕೆ ನಾನೇ ಆಗಬೇಕು. ನಾನು ಹೆದರುತ್ತ ಹೋಗುತ್ತಿದ್ದೆ, ಹೋಗದೆ ಇರಲೂ ಆಗುತ್ತಿರಲಿಲ್ಲ.

ಕೊನೆಯ ಸಲ ಹೋದದ್ದು ಹುಲೇಕಲ್ಲಿನ ಹತ್ತಿರದ ಒಂದು ಮನೆಗೆ. ಅತ್ತೆಯೂ ಬಂದಿದ್ದರು. ನಾನು ಅಕ್ಕಿ ತೊಳೆಯಲು ಕೂತೆ. ಒಂದು ನೀರು, ಎರಡು ನೀರು, ಹತ್ತು ನೀರು. ಮೇಲಿನಿಂದ ಏನೋ ಬಿದ್ದಂತಾಯಿತು ಎಂದು ಮತ್ತೆ ಹತ್ತು. ಬೆರಳಿನ ಬಿರುಕುಗಳಿಗೆ ನೀರು ತಾಗಿ ಉರಿಯುತ್ತಿತ್ತು. ಅಲ್ಲಿಂದ ರಕ್ತ ಒಸರಿ ಅಕ್ಕಿಗೆ ಸೇರಿತೋ ಏನೋ ಅನ್ನಿಸಿ ಅಷ್ಟೂ ಅಕ್ಕಿಯನ್ನು ಹಿತ್ತಲಿಗೆ ಚೆಲ್ಲಿ, ಬೇರೆ ಅಕ್ಕಿ ತೆಗೆದುಕೊಂಡೆ. ಅದನ್ನೂ ತಿಕ್ಕಿ ತಿಕ್ಕಿ ಕಾಳೆಲ್ಲ ಒಡೆದು ನುಚ್ಚಾಯಿತು. ಎರಡು ಗಂಟೆಗೆ ಆಗಬೇಕಾದ ಊಟ ನಾಲ್ಕೂವರೆಗಾಯಿತು. ಗಂಜಿಯಂಥ ಅನ್ನವನ್ನು ಭಟ್ಟರು ಕಲಸಿ ಉಂಡರು. ಕೈ ತೊಳೆದು ಬಂದ ಮೇಲೆ, “ತಡ ಆದ್ರೂ ಅಡ್ಡಿಲ್ಲೆ, ಇಷ್ಟು ಶ್ರದ್ಧೆ ಎಲ್ಲಿ ಸಿಗ್ತು!” ಎಂದರು. ಮನೆಯ ಯಜಮಾನರು ತಲೆಯಾಡಿಸಿದರು. ನನಗೆ ಸೀರೆ ಕೊಟ್ಟರು.

ವಾಪಸು ಬಸ್ಸಿನಲ್ಲಿ ಸಿರ್ಸಿ ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ಭಾಗೀ, ಒಂದು ಮಾತು ಹೇಳ್ತೆ. ಬೇಜಾರ ಮಾಡ್ಕ್ಯಳಡ.”

“ಎಂತದು ಅತ್ತೆ?”

“ನೀನು ಮಾಡದು ಮಡಿ ಅಲ್ಲ.”

ಎಲ್ಲೋ ಲೋಪವಾಗಿದೆ, ಅದನ್ನು ಇವರು ನೋಡಿದ್ದಾರೆ ಎಂದುಕೊಂಡೆ. ಅಡುಗೆಯಲ್ಲೋ, ನೀರಿನಲ್ಲೋ ಎಂದು ಕೇಳತೊಡಗಿದೆ. ಅತ್ತೆ ಕೈಯೆತ್ತಿ ತಡೆದರು.

“ಅದಲ್ಲ ಮಾರಾಯ್ತಿ. ಮಡಿಗೆ ಒಂದು ಕೊನೆ ಹೇಳಿ ಇರ್ತು. ಮಿಂದು ಉಟ್ಟರೆ ಶುರು, ಉಂಡು ಎದ್ದರೆ ಮುಗೀತು. ಆಮೇಲೆ ಆನು ಅಂಗಳಕ್ಕೂ ಹೋಗ್ತೆ, ದನಾನೂ ಮುಟ್ತೆ. ನಿಂದು ಮುಗೀತೇ ಇಲ್ಲೆ. ಇನ್ನೊಂದು. ಆನು ನಲವತ್ತು ವರ್ಷ ಮಡಿ ಮಾಡಿದ್ದೆ, ಎಂಗೆ ಒಂದು ದಿನವೂ ಹೆದರಿಕೆ ಆಯ್ದಿಲ್ಲೆ. ನಿಂಗೆ ಹೆದರಿಕೆ ಆಗ್ತು. ಹೌದೋ ಅಲ್ದೋ?”

ಮಡಿಲಲ್ಲಿದ್ದ ಹೊಸ ಸೀರೆಯನ್ನು ಬಸ್ಸಿನ ಸೀಟಿಗೆ ತಾಗದ ಹಾಗೆ ಹಿಡಿದುಕೊಂಡು ಯಲ್ಲಾಪುರದವರೆಗೆ ಕೂತಿದ್ದೆ. ಆಗ ನನಗೆ ನಲವತ್ತೆರಡು ವರ್ಷ.

ಅಷ್ಟಾದರೂ ನಾನು ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ. ಕೈಯ ಬಿರುಕಿಗೆಂದು ಅದಕ್ಕೂ ಮೊದಲು ಸಿರ್ಸಿಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದ್ದೆವು. ಅವರು ಕೈ ನೋಡಿ, ತಿಂಗಳಿಗೆ ಎಷ್ಟು ಸೋಪು ಬೇಕಾಗುತ್ತದೆ ಎಂದು ಕೇಳಿದ್ದರು. ನಮ್ಮನೆಯವರು “ಇಪ್ಪತ್ತಾಗ್ತದೆ” ಎಂದಿದ್ದರು. ಡಾಕ್ಟರು ಮುಲಾಮಿನ ಜೊತೆ ಇನ್ನೊಂದು ಚೀಟಿ ಬರೆದು ಕೊಟ್ಟಿದ್ದರು. ಮನಸ್ಸಿನ ಕಾಯಿಲೆಯ ಡಾಕ್ಟರೊಬ್ಬರು ಧಾರವಾಡದಿಂದ ತಿಂಗಳಿಗೆ ಎರಡು ಸಲ ಸಿರ್ಸಿಗೆ ಬರುತ್ತಾರೆ, ಅವರಿಗೆ ಒಮ್ಮೆ ತೋರಿಸಿ ಎಂದು. ನನಗೇನು ಹುಚ್ಚೇ ಎಂದು ಸಿಟ್ಟು ಬಂದು, ಚೀಟಿಯನ್ನು ಓಮದ ಡಬ್ಬಿಯ ಅಡಿಗೆ ಹಾಕಿಟ್ಟಿದ್ದೆ.

ಅದನ್ನು ಹೊರಗೆ ತೆಗೆಸಿದವಳು ವೀಣಾ. ಅವಳಿಗೆ ಮದುವೆಯಾಗಿ ಹೆಗಡೆಕಟ್ಟಾದ ಕಡೆ ಕೊಟ್ಟಿದ್ದೆವು. ಐದು ತಿಂಗಳ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಕೇಳಿ ತಿಳಿಯುವ ವಿಷಯವೇ ಅಲ್ಲ. ನಾನು ಆಗಲೇ ಹಳೆ ಪಂಚೆಗಳನ್ನು ಕುದಿಸಿ, ಒಣಗಿಸಿ, ಮತ್ತೆ ಕುದಿಸಿ ಇಡಲು ಶುರುಮಾಡಿದ್ದೆ. ಎರಡು ದಿನಕ್ಕೆಂದು ಬಂದವಳು ಹೊರಡುವ ಮಧ್ಯಾಹ್ನ, ಊಟವಾದ ಮೇಲೆ, ಅಡುಗೆಮನೆಯ ಹೊಸ್ತಿಲ ಆಚೆಗೆ ಕೂತು ಹೇಳಿದಳು.

“ಆಯಿ, ಬಾಣಂತನಕ್ಕೆ ಆನು ಇಲ್ಲಿಗೆ ಬತ್ತಿಲ್ಲೆ.”

“ಎಂತಕ್ಕೆ? ನಿನ್ನ ಅತ್ತೆ ಎಂತಾರು ಹೇಳಿದ್ವ?”

“ಅವ್ವು ಎಂತೂ ಹೇಳಿದ್ದಿಲ್ಲೆ. ಆನೇ ಬತ್ತಿಲ್ಲೆ. ನಾಕನೇ ಕ್ಲಾಸಲ್ಲಿ ಎಂಗೆ ಭಾಷಣಕ್ಕೆ ಬಹುಮಾನ ಬಂದಿತ್ತು, ನೆನಪಿದ್ದಾ? ಸ್ಟೀಲಿನ ಲೋಟ. ಶಾಲೆಯಿಂದ ಓಡಿ ಬಂದಿದ್ದೆ, ನಿನ್ನ ತಬ್ಬಿಕಂಬಲೆ. ನೀನು ಹಿಂದೆ ಸರಿದೆ. ಮುಟ್ಟಡ, ಮಿಂದ್ಕಂಡು ಬಾ ಹೇಳ್ದೆ. ಲೋಟ ಬಾವಿಕಟ್ಟೆ ಮೇಲೆ ಇಡು ಹೇಳ್ದೆ. ಮಿಂದು ಬಪ್ಪಷ್ಟರಲ್ಲಿ ಎಂಗೆ ಹೇಳಲೆ ಎಂತದೂ ಇರಲಿಲ್ಲೆ.”

ನನಗೆ ಅದು ನೆನಪೇ ಇರಲಿಲ್ಲ.

“ಶಾಲೆ ಧೂಳು ಹೊಲಸು ಹೇಳಿ ಎಂಗೆ ತಿಳೀಲಿಲ್ಲೆ ಆಯಿ. ಆನೇ ಹೊಲಸು ಹೇಳಿ ತಿಳ್ಕಂಡೆ. ಸುಮಾರು ವರ್ಷ ಹಂಗೇ ತಿಳ್ಕಂಡಿದ್ದೆ. ಎನ್ನ ಮಗು ಹಂಗೆ ತಿಳ್ಕಂಬದು ಬ್ಯಾಡ.”

ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ಮೆಲ್ಲಗೆ, ನನಗೆ ನೋವಾಗದ ಹಾಗೆ ಹೇಳಿದಳು. ಹೇಳಿ ಎದ್ದು, ನನ್ನನ್ನು ಮುಟ್ಟದೆ, ದೂರದಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿ ಬಸ್ಸಿಗೆ ಹೋದಳು. ಅಷ್ಟು ವರ್ಷ ಅವಳು ನಮಸ್ಕಾರ ಮಾಡುತ್ತಿದ್ದುದೇ ಹಾಗೆ. ಅದನ್ನು ಕಲಿಸಿದವಳು ನಾನು. ಅವಳನ್ನು ಕಾಯಿಲೆಯಿಂದ ಕಾಪಾಡುತ್ತಿದ್ದೇನೆ ಎಂದು ನಾನು ತಿಳಿದುಕೊಂಡಿದ್ದೆ. ಆ ಕಡೆಯಿಂದ ಅದು ಹೇಗೆ ಕಾಣುತ್ತಿತ್ತು ಎಂದು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಓಮದ ಡಬ್ಬಿಯಿಂದ ಚೀಟಿ ತೆಗೆದು ನಮ್ಮನೆಯವರ ಮುಂದಿಟ್ಟೆ. ಅವರು ಓದಿ, ಮಡಿಸಿ, ಕಿಸೆಗೆ ಹಾಕಿಕೊಂಡು, “ರಜೆ ಹಾಕ್ತೆ” ಎಂದರು.

ಸಿರ್ಸಿಯಲ್ಲಿ ಆ ಡಾಕ್ಟರು ಕೂರುತ್ತಿದ್ದುದು ಒಂದು ಔಷಧದ ಅಂಗಡಿಯ ಮಹಡಿಯ ಮೇಲೆ. ಪಕ್ಕದ ಕೋಣೆಯಲ್ಲಿ ದರ್ಜಿಯಂಗಡಿ. ಎರಡಕ್ಕೂ ಸೇರಿ ಒಂದೇ ಪಡಸಾಲೆ, ಎರಡು ಮರದ ಬೆಂಚು. ನಮ್ಮನೆಯವರು ನನ್ನ ಹೆಸರು ಬರೆಸಿ ಕೆಳಗಿಳಿದಿದ್ದರು. ನಾನು ಬೆಂಚು ಮುಟ್ಟದೆ ನಿಂತಿದ್ದೆ. ಯಾರಾದರೂ ಗುರುತಿನವರು ಸಿಕ್ಕಾರೆಂಬ ಹೆದರಿಕೆ ಬೇರೆ. ಸಿಕ್ಕಿಯೇ ಬಿಟ್ಟರು. ಸಿದ್ದಾಪುರದ ಕಡೆಯ ನಮ್ಮ ದೂರದ ನೆಂಟರು, ಸಾವಿತ್ರಕ್ಕ. ಬೆಂಚಿನ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ಭಾಗಿ ಅಲ್ದನೇ? ಎಂತಕ್ಕೆ ಬಂದಿದ್ದೆ ಇಲ್ಲಿ?”

“ರವಿಕೆ ಹೊಲ್ಸಲೆ ಕೊಡಕ್ಕಾಗಿತ್ತು” ಎಂದೆ. ಕೈಯಲ್ಲಿ ಬಟ್ಟೆಯ ಚೂರೂ ಇರಲಿಲ್ಲ. “ನೀವು?”

“ಆನೂ ಅದಕ್ಕೇ ಬಂದಿ. ಈ ದರ್ಜಿ ಚೊಲೊ ಹೊಲಿತಾ ಹೇಳ್ತ.”

ಇಬ್ಬರೂ ದರ್ಜಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ತೋಳು ಎಷ್ಟುದ್ದ ಇಡಿಸಬೇಕು ಎಂಬುದನ್ನೂ ಚರ್ಚಿಸಿದೆವು. ದರ್ಜಿ ಒಳಗಿನಿಂದ ಒಮ್ಮೆ ಇಣುಕಿ ನೋಡಿ ಹೋದ. ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಕೂಗು ಬಂತು: “ಸಾವಿತ್ರಿ ಯಾರ್ರಿ? ಬರ್ರಿ. ಅವರ ಹಿಂದ ಭಾಗೀರಥಿ.”

ಸಾವಿತ್ರಕ್ಕ ಎದ್ದರು. ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. “ಹೋಗ್ಬತ್ತಿ, ಅಳತೆ ಕೊಟ್ಟಿಕ್ಕಿ” ಎಂದು ಹೇಳಿ ಒಳಗೆ ಹೋದರು. ಅವರಿಗೆ ಏನು ಕಾಯಿಲೆ ಎಂದು ನಾನು ಇವತ್ತಿಗೂ ಕೇಳಿಲ್ಲ, ಅವರೂ ನನ್ನನ್ನು ಕೇಳಿಲ್ಲ. ಆದರೆ ಆಮೇಲೆ ಎರಡು ವರ್ಷ ನಾವಿಬ್ಬರೂ ಒಂದೇ ದಿನ ಬರುವ ಹಾಗೆ ನೋಡಿಕೊಂಡೆವು. ಆ ಬೆಂಚಿನ ಮೇಲೆ ನಾನು ಮೊದಲ ಸಲ ಕೂತದ್ದು ಅವರ ಪಕ್ಕದಲ್ಲೇ.

ನಮ್ಮನೆಯವರ ಜೊತೆ ಒಳಗೆ ಹೋದೆ. ಡಾಕ್ಟರಿಗೆ ವಯಸ್ಸು ಹೆಚ್ಚಿರಲಿಲ್ಲ. “ಬರ್ರಿ ಅಮ್ಮಾರ, ಕುಂದರ್ರಿ” ಎಂದರು. ನಾನು ಕೂರಲಿಲ್ಲ. ಅವರು ಒತ್ತಾಯ ಮಾಡದೆ ತಾವೂ ಎದ್ದು ನಿಂತೇ ಮಾತಾಡಿಸಿದರು. ಎಷ್ಟು ಹೊತ್ತು ತೊಳೆಯುತ್ತೀರಿ, ತೊಳೆಯದಿದ್ದರೆ ಏನಾದೀತು ಎಂದು ಹೆದರುತ್ತೀರಿ. ನನ್ನ ಕೈಯಿಂದ ಯಾರಿಗೋ ಏನೋ ತಾಗಿ ಅವರು ಸತ್ತುಹೋಗುತ್ತಾರೆ ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆ ಕುರ್ಚಿಯಲ್ಲಿ ಕೂತುಬಿಟ್ಟೆ.

“ಮನಿಯಾಗ ಎಲ್ಲಾರೂ ನೀವು ಹೇಳಿಧಂಗ ಕೇಳ್ತಾರೇನ್ರಿ?”

“ಕೇಳ್ತಾರೆ. ನಮ್ಮನೆಯವರಂತೂ ಒಂದು ದಿನವೂ ಇಲ್ಲ ಅಂದವರಲ್ಲ.”

“ಅದಾ ತ್ರಾಸ ಆಗಿದ್ದು ನೋಡ್ರಿ” ಎಂದು ಅವರು ನಮ್ಮನೆಯವರ ಕಡೆ ತಿರುಗಿದರು. “ಪ್ರೀತಿಯಿಂದನ ಮಾಡೀರಿ, ಖರೆ. ಆದ್ರ ನೀವು ನೀರು ಹೊಯ್ಸಿಕೊಂಡಷ್ಟೂ ಇವರ ಹೆದರಿಕಿ ಬಲೀತದ.” ನಮ್ಮನೆಯವರು ತಪ್ಪು ಮಾಡಿದ ಹುಡುಗನಂತೆ ನೆಲ ನೋಡಿದರು.

ಆಮೇಲೆ ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆ ಇದು: “ನಾಳಿಂದ ಯಾರೂ ನಿಮಗ ಭಾರೀ ಮಡಿಯಾಕಿ ಅನ್ನೂದಿಲ್ಲ ಅಂತ ತಿಳ್ಕೋರಿ. ಆವಾಗ ನೀವು ಯಾರ್ರಿ?”

ಇವರ ಹೆಂಡತಿ ಎಂದೆ. ಅತ್ತೆಗೆ ಸೊಸೆ. ವೀಣಾಳ ಆಯಿ.

“ಇವೆಲ್ಲಾ ಇನ್ನೊಬ್ಬರ ಕೂಡ ಇರೂವಂಥವು. ಮುಟ್ಟದನ ಹೆಂಗ ನಡಸ್ತೀರಿ ಇವನ್ನ?”

ಈ ಪ್ರಶ್ನೆಯನ್ನು ಯಲ್ಲಾಪುರದ ಬಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡುತ್ತಾ ಬಂದೆ. ‘ನಾನು’ ಎನ್ನುವುದು ನನ್ನೊಳಗೆ ಎಲ್ಲೋ ಮುಚ್ಚಿಟ್ಟ ಪಾತ್ರೆ, ಅದಕ್ಕೆ ಧೂಳು ತಾಗದಂತೆ ನೋಡಿಕೊಂಡರೆ ಸಾಕು ಎಂದು ನಂಬಿಕೊಂಡಿದ್ದೆ. ನೋಡಿದರೆ ನಾನು ಎನ್ನುವುದರ ಅರ್ಧಕ್ಕಿಂತ ಹೆಚ್ಚು ಬೇರೆಯವರ ಹತ್ತಿರವೇ ಇತ್ತು. ಶ್ರಾದ್ಧದ ಮನೆಯವರ ಹತ್ತಿರ ಹೊಗಳಿಕೆಯಾಗಿ ಇತ್ತು. ಮಗಳ ಹತ್ತಿರ ಬೇರೆಯೇ ಆಗಿ ಇತ್ತು. ನಾನು ಮೊದಲನೆಯದನ್ನು ಮಾತ್ರ ನೋಡಿಕೊಂಡು ಬದುಕಿದ್ದೆ.

ಇದಕ್ಕೆ ಗೀಳು ಕಾಯಿಲೆ ಅನ್ನುತ್ತಾರೆ ಎಂದು ಹೇಳಿ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮೊದಲ ತಿಂಗಳು ಬಾಯಿ ಒಣಗುತ್ತಿತ್ತು, ಹಗಲೇ ತೂಕಡಿಕೆ, ಗುಣ ಮಾತ್ರ ಏನೂ ಕಾಣಲಿಲ್ಲ. ಬಿಟ್ಟುಬಿಡೋಣ ಎನ್ನಿಸಿತ್ತು. ಈ ಕಾಯಿಲೆಯ ಹಾದಿಯಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಆ ಮೊದಲ ತಿಂಗಳೇ ಕಷ್ಟ. ಆಮೇಲೆ ಹೆದರಿಕೆ ಹೋಗುವುದಿಲ್ಲ, ಆದರೆ ಅದರ ದನಿ ಸ್ವಲ್ಪ ತಗ್ಗುತ್ತದೆ.

ಮಾತ್ರೆಗಿಂತ ಕಠಿಣವಾದದ್ದು ಮನೆಯಲ್ಲಿ ಮಾಡಬೇಕಾದ ಅಭ್ಯಾಸ. ಹಿತ್ತಲ ಬಾಗಿಲ ಅಗುಳಿ ಮುಟ್ಟಬೇಕು, ಹತ್ತು ನಿಮಿಷ ಕೈ ತೊಳೆಯದೆ ಕೂರಬೇಕು. ಅಷ್ಟೇ. ಕೇಳಿದವರಿಗೆ ನಗು ಬಂದೀತು. ಮೊದಲ ದಿನ ಅಗುಳಿ ಮುಟ್ಟಿ ಜಗಲಿಯಲ್ಲಿ ಕೂತಾಗ ಎರಡೂ ಕೈಗಳು ನನ್ನವಲ್ಲ, ಯಾರೋ ತಂದು ನನ್ನ ಮಡಿಲಲ್ಲಿ ಇಟ್ಟುಹೋದವು ಅನ್ನಿಸಿತು. ಎದುರಿಗೆ ಅತ್ತೆ ಹತ್ತಿ ಹಿಂಜಿ ಬತ್ತಿ ಹೊಸೆಯುತ್ತ ಕೂತಿದ್ದರು.

“ಎಣಿಸ್ತಾ ಇದ್ಯ?”

“ಇಲ್ಲೆ.”

“ಸುಳ್ಳು ಹೇಳಡ. ತುಟಿ ಆಡ್ತಾ ಇದ್ದು. ಎಣಿಸಡ, ಎನ್ನ ಹತ್ರ ಮಾತಾಡು.”

“ಎಂತ ಮಾತಾಡವು?”

“ಎನ್ನ ಬೈಯಿ ಬೇಕಾದ್ರೆ. ಇಪ್ಪತ್ಮೂರು ವರ್ಷದ ಬಾಕಿ ಇರ್ತು.”

ಹತ್ತು ನಿಮಿಷ ಹೀಗೇ ಕಳೆಯಿತು. ಹದಿನೈದು ದಿನದಲ್ಲಿ ಅರ್ಧ ಗಂಟೆಯಾಯಿತು. ತೊಳೆಯದಿದ್ದರೂ ಹೆದರಿಕೆ ಒಂದು ಮಟ್ಟಕ್ಕೆ ಏರಿ, ತನ್ನಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ನಲವತ್ತೆರಡನೆಯ ವಯಸ್ಸಿನಲ್ಲಿ ಕಂಡುಕೊಂಡೆ. ನಮ್ಮನೆಯವರು ಹಿತ್ತಲಲ್ಲಿ ನಿಲ್ಲುವುದನ್ನು ಬಿಟ್ಟು ಮುಂಬಾಗಿಲಿನಿಂದ ಒಳಗೆ ಬಂದು, ಬಚ್ಚಲಿಗೆ ಹೋಗಿ ತಾವೇ ಕಾಲು ತೊಳೆದುಕೊಳ್ಳತೊಡಗಿದರು. ಮೊದಲ ದಿನ ಅವರು ಒಳಗೆ ಕಾಲಿಟ್ಟಾಗ ನಾನು ಅತ್ತುಬಿಟ್ಟೆ. ಅವರು ವಾಪಸು ಹಿತ್ತಲಿಗೆ ಹೊರಟರು. ಅತ್ತೆ ಗದರಿದರು: “ಎಲ್ಲಿಗೆ ಹೊಂಟೆ? ಅದು ಅತ್ತರೆ ಅಳ್ಲಿ, ನೀನು ಬಾ.”

ಎರಡನೆಯ ತಿಂಗಳಲ್ಲಿ ಡಾಕ್ಟರು ಹೇಳಿದ್ದು ನನಗೆ ಅಸಾಧ್ಯವೆಂದೇ ತೋರಿತು. ಅಗುಳಿ ಮುಟ್ಟಿದ ಕೈಯಲ್ಲೇ ಮನೆಯವರಿಗೆ ಬಡಿಸಬೇಕು. ನಮ್ಮನೆಯವರಿಗೆ ಬಡಿಸಬಹುದು. ಅತ್ತೆಗೆ? ಮಡಿಯಲ್ಲಿ ಮಾಡಿದ್ದನ್ನಲ್ಲದೆ ಮುಟ್ಟದವರು. ಅವರಿಗೆ ಬೇರೆ ಮಾಡಿಕೊಳ್ಳಲು ಹೇಳೋಣ ಎಂದುಕೊಂಡೆ. ಅವರು ಆಗಲೇ ಎಲೆ ಹಾಕಿಕೊಂಡು ಕೂತಿದ್ದರು.

“ಅತ್ತೆ, ನಿಂಗಕ್ಕೆ ಬ್ಯಾಡ. ಆನು ಅಗುಳಿ ಮುಟ್ಟಿದ್ದೆ.”

“ನೋಡಿದ್ದೆ. ಬಡ್ಸು.”

“ನಿಮ್ಮ ಮಡಿ?”

“ಅದು ಎನ್ನದು. ದೇವ್ರಿಗೆ ಆನು ಹೇಳ್ಕತ್ತೆ. ನೀನು ಬಡ್ಸು, ಹಸಿವೆ ಆಗ್ತು.”

ಬಡಿಸಿದೆ. ಅವರು ಉಂಡರು, ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಮೂರು ದಿನ ನಾನು ಅವರನ್ನೇ ಗಮನಿಸುತ್ತಿದ್ದೆ, ಜ್ವರ ಬಂತೇ, ಹೊಟ್ಟೆ ಕೆಟ್ಟಿತೇ ಎಂದು. ನಾಲ್ಕನೆಯ ದಿನ ಅವರೇ, “ಸಾಯ್ತ್ನಿಲ್ಲೆ ಮಾರಾಯ್ತಿ, ಹಂಗೆ ನೋಡಡ” ಎಂದರು.

ಇನ್ನೊಂದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಹಾಲು ತರುತ್ತಿದ್ದ ನಾಗಮ್ಮನಿಂದ ನಾನು ಪಾತ್ರೆ ಕೈಗೆ ತೆಗೆದುಕೊಂಡವಳಲ್ಲ. ಮೆಟ್ಟಿಲ ಮೇಲೆ ಪಾತ್ರೆ ಇಟ್ಟಿರುತ್ತಿದ್ದೆ, ಅವಳು ಎತ್ತರದಿಂದ ಹೊಯ್ಯುತ್ತಿದ್ದಳು, ಆಮೇಲೆ ನಾನು ಆ ಮೆಟ್ಟಿಲು ತೊಳೆಯುತ್ತಿದ್ದೆ. ಅವಳು ಇನ್ನೂ ಗೇಟು ದಾಟಿರುತ್ತಿರಲಿಲ್ಲ. ಅಭ್ಯಾಸದ ಪಟ್ಟಿಯಲ್ಲಿ ಅದೂ ಬಂತು. ಒಂದು ಬೆಳಿಗ್ಗೆ ಅವಳ ಕೈಯಿಂದಲೇ ಹಾಲಿನ ಪಾತ್ರೆ ತೆಗೆದುಕೊಳ್ಳಲು ಹೋದೆ. ಅವಳು ಬಿಡಲಿಲ್ಲ.

“ಅಮ್ಮಾ, ಕೈ ತಾಗ್ತದೆ.”

“ತಾಗಲಿ ನಾಗಮ್ಮ. ನಾನು ಇಷ್ಟು ವರ್ಷ ಹಾಗೆ ಮಾಡಿದ್ದು ಒಂದು ಕಾಯಿಲೆಯಂತೆ. ಡಾಕ್ಟ್ರು ಹೇಳಿದ್ರು.”

“ಕಾಯಿಲೆಯಾ? ಹೌದ್ರಾ?” ಅವಳು ಓಣಿಯ ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದಳು. “ಹಂಗಾದ್ರೆ ಈ ಓಣಿಯಲ್ಲಿ ಸುಮಾರು ಮನೆಗೆ ಡಾಕ್ಟ್ರು ಬೇಕು ಬಿಡಿ.”

ಪಾತ್ರೆ ಕೊಟ್ಟು ಹೋದಳು. ಹದಿನೈದು ವರ್ಷ ನನ್ನ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಹೇಗೆ ಇತ್ತು ಎಂಬುದಕ್ಕೆ ಅದಕ್ಕಿಂತ ಸರಿಯಾದ ಉತ್ತರವನ್ನು ಯಾರೂ ಕೊಟ್ಟಿಲ್ಲ. ನನ್ನದು ಕಾಯಿಲೆ ಎಂದು ಹೇಳಿ ನಾನು ಪಾರಾಗಬಹುದು. ಮೆಟ್ಟಿಲ ಕೆಳಗೆ ನಿಂತವಳಿಗೆ ಎಲ್ಲ ಒಂದೇ.

ಬಳಗದಲ್ಲಿ ಸುದ್ದಿ ಹಬ್ಬಿತು. ಶ್ರಾದ್ಧದ ಅಡುಗೆಗೆ ಕರೆಯುವುದು ನಿಂತಿತು. ಭಾಗಿ ಮೊದಲಿನ ಹಾಗೆ ಇಲ್ಲ, ಮಡಿ ಮೈಲಿಗೆ ಬಿಟ್ಟಿದ್ದಾಳೆ ಎಂದು ಒಂದು ಮದುವೆಮನೆಯಲ್ಲಿ ನನಗೇ ಕೇಳುವ ಹಾಗೆ ಹೇಳಿದರು. ಆ ದಿನ ನನಗೆ ಬಹಳ ಬೇಜಾರಾಯಿತು. ಕೈ ತೊಳೆಯದೆ ಕೂರುವುದಕ್ಕಿಂತ ಅದು ಕಷ್ಟವಾಗಿತ್ತು. ಊಟಕ್ಕೆ ಯಾವ ಪಂಕ್ತಿಯಲ್ಲಿ ಕೂರಬೇಕೆಂದೂ ತಿಳಿಯದೆ ನಿಂತಿದ್ದೆ. ಆಗ ಸಾವಿತ್ರಕ್ಕ ದೂರದಿಂದ ಕೈ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ರವಿಕೆ ಚೊಲೊ ಆಯ್ದು” ಎಂದರು. ನಾನು ತೊಟ್ಟದ್ದು ಹಳೆಯ ರವಿಕೆ.

ವೀಣಾಳಿಗೆ ನಾನು ಏನೂ ಹೇಳಿರಲಿಲ್ಲ. ಗುಣವಾಗುತ್ತಿದ್ದೇನೆ, ಬಾ ಎಂದು ಕರೆಯಲು ಧೈರ್ಯವಿರಲಿಲ್ಲ. ಬಂದಮೇಲೆ ಮತ್ತೆ ಹಿಂದೆ ಸರಿದರೆ? ನಮ್ಮನೆಯವರು ಎಸ್‌ಟಿಡಿ ಬೂತಿನಿಂದ ಆಗೀಗ ಫೋನು ಮಾಡುತ್ತಿದ್ದರು. ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಸೀಮಂತಕ್ಕೆ ನಾವು ಹೋಗಿ ಬಂದೆವು. ಅವಳನ್ನು ಕರೆದುಕೊಂಡು ಬರಲಿಲ್ಲ. ಜನ ಕೇಳಿದರೆ ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ ಎಂದೆವು.

ಸಿರ್ಸಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು ಎಂದು ಫೋನು ಬಂದ ಬೆಳಿಗ್ಗೆ ನಾವು ಮೂವರೂ ಹೊರಟೆವು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಇಷ್ಟೆಲ್ಲ ಮಾಡಬಲ್ಲೆ ಎಂಬ ಸಣ್ಣ ಜಂಬವೂ ಇತ್ತು. ಅಷ್ಟರಲ್ಲಿ ನರ್ಸು ಬಂದು, “ಮಗು ಎತ್ತಿಕೊಳ್ಳೋರೆಲ್ಲ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ” ಎಂದಳು.

ತೊಳೆಯದೆ ಇರುವುದನ್ನು ನಾಲ್ಕು ತಿಂಗಳು ಕಲಿತಿದ್ದೆ. ತೊಳೆದು ನಿಲ್ಲಿಸುವುದನ್ನು ಸರಿಯಾಗಿ ಕಲಿತಿರಲಿಲ್ಲ. ವಾರ್ಡಿನ ಬಾಗಿಲ ಪಕ್ಕದಲ್ಲೇ ತೊಟ್ಟಿ, ಎರಡು ನಲ್ಲಿ. ಅತ್ತೆ ತೊಳೆದರು, ನಮ್ಮನೆಯವರು ತೊಳೆದರು, ಇಬ್ಬರೂ ಒಳಗೆ ಹೋದರು. ನಾನು ಸೋಪು ಕೈಗೆ ತೆಗೆದುಕೊಂಡೆ. ತೆರೆದ ಬಾಗಿಲಿನಿಂದ ವೀಣಾಳ ಮಂಚ ಕಾಣುತ್ತಿತ್ತು. ಅವಳು ಮಗುವನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು.

ಒಂದು ಸಲ ತಿಕ್ಕಿದೆ. ನೀರು ಬಿಟ್ಟೆ. ಬೆರಳ ಸಂದಿ ಸರಿ ಆಗಲಿಲ್ಲ ಅನ್ನಿಸಿತು. ಬಸ್ಸಿನ ಕಂಬಿ, ಬೆಂಚು, ಆಸ್ಪತ್ರೆ, ಒಂದು ದಿನದ ಕೂಸು. ಹೊಟ್ಟೆಯೊಳಗಿಂದ ಹಳೆಯ ದನಿ ಎದ್ದು ಬಂತು. ಇನ್ನೊಂದೇ ಸಲ, ಮಗುವಿಗೋಸ್ಕರ ಎಂದಿತು. ಸೋಪು ಇನ್ನೂ ಕೈಯಲ್ಲೇ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿಂದೆ ಇನ್ನೊಬ್ಬರು ಕೈ ತೊಳೆಯಲು ಕಾಯುತ್ತಿದ್ದರು. ಸೋಪನ್ನು ಅವರ ಕೈಗೆ ಕೊಟ್ಟು, ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಒಳಗೆ ಹೋದೆ. ಹೆದರಿಕೆ ಹೋಗಿರಲಿಲ್ಲ. ಅದನ್ನು ಜೊತೆಗೇ ಕರೆದುಕೊಂಡು ಹೋದೆ.

ವೀಣಾ ಸ್ವಲ್ಪ ಸರಿದು ಜಾಗ ಮಾಡಿದಳು. ಮಂಚದ ಅಂಚಿಗೆ ಕೂತೆ. ಅವಳ ತೊಡೆ ನನ್ನ ತೊಡೆಗೆ ತಾಗಿತು. ಮಗುವನ್ನು ಎತ್ತಿ ನನ್ನ ಕೈಗಿಟ್ಟಳು.

“ಕುತ್ತಿಗೆ ಹಿಡ್ಕ ಆಯಿ” ಎಂದಳು, ನಾನೇ ಮೊದಲ ಹೆರಿಗೆಯ ಬಾಣಂತಿ ಎಂಬ ಹಾಗೆ.

ಮೂರನೆಯ ದಿನ ಆಸ್ಪತ್ರೆಯಿಂದ ಬಿಡುವಾಗ ಅವಳು ತನ್ನ ಅತ್ತೆಯ ಹತ್ತಿರ ಮಾತಾಡಿಕೊಂಡು ಬಂದು ನನಗೆ ಹೇಳಿದಳು: “ಹದಿನೈದು ದಿನ ಯಲ್ಲಾಪುರದಲ್ಲಿ ಇದ್ದು ನೋಡ್ತೆ. ಆಗದಿದ್ರೆ ವಾಪಸ್ ಹೋಗ್ತೆ. ಬೇಜಾರ ಮಾಡಲಾಗ.” ಆಗಲಿ ಎಂದೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿರಲಿಲ್ಲ.

ಆ ಹದಿನೈದು ದಿನ ಚೆನ್ನಾಗಿಯೇ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ಎಂಟನೆಯ ದಿನ ಮಗುವಿನ ಬಟ್ಟೆ ಒಗೆಯಲು ಹೋದವಳು ಬಾವಿಕಟ್ಟೆಯಿಂದ ಒಂದೂವರೆ ಗಂಟೆ ಬರಲಿಲ್ಲ. ವೀಣಾ ಕಿಟಕಿಯಿಂದ ನೋಡಿದಳು. ಸಂಜೆ ನಾನೇ ಅವಳ ಹತ್ತಿರ ಹೋಗಿ, ಇವತ್ತು ಆಗಲಿಲ್ಲ ಎಂದೆ. ಅವಳು, “ನೋಡಿದ್ದೆ. ನಾಳೆ ಬಟ್ಟೆ ಅಪ್ಪಯ್ಯ ಒಗೀಲಿ, ನೀನು ಕೂಸಿನ ಮೀಸು” ಎಂದಳು. ಮರುದಿನದಿಂದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಮಗುವನ್ನು ಮೀಯಿಸುವ ಕೆಲಸ ನನ್ನದಾಯಿತು. ಮಗು ನನ್ನ ಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿತು. ಅದಕ್ಕೆ ಯಾವ ಅಭ್ಯಾಸದ ಪಟ್ಟಿಯೂ ಗೊತ್ತಿರಲಿಲ್ಲ.

ಈಗಲೂ ನಾನು ಅರ್ಧ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೇಜಾರಿದ್ದ ದಿನ, ನಿದ್ದೆಗೆಟ್ಟ ದಿನ ಕೈ ತನ್ನಷ್ಟಕ್ಕೆ ನಲ್ಲಿಯ ಕಡೆ ಹೋಗುತ್ತದೆ. ಹೋದದ್ದನ್ನು ಮನೆಯವರ ಹತ್ತಿರ ಹೇಳುತ್ತೇನೆ. ಮೊದಲು ಹೇಳುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಶ್ರಾದ್ಧದ ಅಡುಗೆಯನ್ನು ನಾನೇ ಮಾಡುತ್ತೇನೆ. ಅಕ್ಕಿಗೆ ಮೂರು ನೀರು, ಎರಡು ಗಂಟೆಗೆ ಊಟ.

ಆ ಮೊದಲ ಬಾಣಂತನದಲ್ಲಿ ವೀಣಾ ಹದಿನೈದು ದಿನಕ್ಕೆ ಹೋಗಲಿಲ್ಲ. ಆ ದಿನ ನಾನು ಬೆಳಗಿನಿಂದ ಅವಳ ಚೀಲದ ಕಡೆ ನೋಡುತ್ತ ಓಡಾಡಿಕೊಂಡಿದ್ದೆ, ಅವಳು ಅದನ್ನು ಕಟ್ಟಲಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಗಂಡ ಬಂದು ಕರೆದುಕೊಂಡು ಹೊರಟ. ಅಂಗಳದಲ್ಲಿ ಗಾಡಿ ನಿಂತಿತ್ತು. ಅವಳು ನಮಸ್ಕಾರ ಮಾಡಲು ಬಗ್ಗಿ, ನನ್ನ ಎರಡೂ ಪಾದ ಹಿಡಿದುಕೊಂಡಳು. ಏಳುತ್ತಾ ಹೇಳಿದಳು.

“ಆಯಿ, ಎರಡನೇ ಬಾಣಂತನಕ್ಕೂ ಇಲ್ಲಿಗೇ ಬತ್ತೆ.”

ಜಗಲಿಯಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು.

“ಮೊದ್ಲು ಇದಕ್ಕೆ ಹಲ್ಲು ಬರ್ಲಿ, ಹೋಗು” ಎಂದರು.